ಬಲಗಾಲು

ಮುಖ ನೆನಪಿರೂದಿಲ್ಲ ನನಗ.
ಬೇಸ್ ಗಿಟಾರ್ ಹಿಡದಾಂವ ಡ್ರಮ್ಮಿನ ಮಗ್ಗಲಕ ನಿಲ್ಲಬೇಕು,
ನಿಂತು ಕೆಳಗ ನೋಡಬೇಕು.
ಪೆಡಲ್ ತುಳಿಯೂ ಬಲಗಾಲು ಎಲ್ಲಿ ಬೀಳತೈತೋ
ಅಲ್ಲೇ ನನ್ನ ಬೆರಳೂ ಬೀಳಬೇಕು.
ಇಪ್ಪತ್ತೇಳು ವರ್ಷ ಇದನ್ನ ಮಾಡೇನಿ.
ಹಿಂಗಾಗಿ ಖಡೇಬಜಾರದಾಗ ಯಾರರ ಕೈ ಮಾಡಿ ಕರದ್ರ
ಮೊದಲು ಅವರ ಚಪ್ಪಲಿ ನೋಡತೇನಿ.

ಮೊದಲನೇದು ಬರಿಗಾಲು.
ಕ್ಯಾಂಪಿನ ಇನಾಸ್ ಪಿಂಟೋ,
ಹೆಬ್ಬೆರಳಿನ ಉಗುರು ಒಡದಿತ್ತು.
ಅಜ್ಜಿ ಹೊಲದ ಕೌದಿ ತಂದು
ದೊಡ್ಡ ಡ್ರಮ್ಮಿನ ಹೊಟ್ಟಿಗೆ ತುರುಕಿದಾಂವ ಅಂವನ:
‘ಇಲ್ಲಂದ್ರ ಇದು ಭಾಳ ಒದರತೈತಿ.’
ಹಡಗಿನ ಬ್ಯಾಂಡಿನ ಕಾಗದ ಬಂತು,
ಚೋರ್ಲಾ ಘಾಟ ಇಳದು ಹೋದ.
ಕೌದಿ ಉಳೀತು.

ಆಮ್ಯಾಲ ಬೂಟು.
ಭಾವಕಣ್ಣ ಹುಂದ್ರೆ, ಲಷ್ಕರಿ ಬ್ಯಾಂಡಿನಾಂವ,
ರವಿವಾರ ಅಷ್ಟ ಸೂಟಿ.
ಎಂಥಾ ಪ್ರೀತಿಯ ಹಾಡು ಕೊಟ್ಟರೂ
ಅದನ್ನ ಮೈದಾನದಾಗ ನಿಲ್ಲಿಸಿ ಪರೇಡ್ ಮಾಡಸ್ತಿದ್ದ.
ನಗತಿದ್ದೆವು ನಾವು,
ತಿಳಕವಾಡಿ ಮೂರನೇ ಗೇಟಿನ ಹತ್ರ
ನಡು ಹಾಡಿನಾಗ ಕರೆಂಟ್ ಹೋಗೂತನಕ.
ಮೈಕ್ ಸತ್ತಿತು, ಗಿಟಾರ್ ಸತ್ತವು,
ಕತ್ತಲದಾಗ ಬೂಟೊಂದ ನಡೀತು.
ಜನ ಕೂತಲ್ಲೇ ಕಾಲು ಕುಟ್ಟಿದ್ರು, ದೀಪ ಬರೂತನಕ.
ಅವಂಗ ಬದಲಿ ಆತು. ಎಲ್ಲಿಗಂತ ಹೇಳಲಿಲ್ಲ,
ಹೇಳೂಹಂಗಿರಲಿಲ್ಲ.

ನಡುವ ಇಬ್ಬರು ಬಂದ್ರು.
ಒಬ್ಬಂವ ಮೂರು ತಿಂಗಳು, ಒಬ್ಬಂವ ಒಂದ ಲಗ್ನ.
ಅವರ ಕಾಲು ನೆನಪಿಲ್ಲ,
ಒಬ್ಬನ ಸಾಲ ನೆನಪೈತಿ.

ನೀಲಕಂಠ ಕಾಮಕರನ್ನ ಹೆಂಗ ಹೇಳಲಿ.
ವಡಗಾವಿಯ ಹುಡುಗ. ಮನ್ಯಾಗ ನಾಲ್ಕು ಪಾವರಲೂಮು.
ಹುಟ್ಟಿದಾಗಿಂದ ಆ ಖಟಪಟದಾಗ ಮಲಗಿದಾಂವ,
ಮಗ್ಗ ನಿಂತ್ರ ಎಚ್ಚರಾಗತಿದ್ದ.
ರಬ್ಬರ್ ಚಪ್ಪಲಿ, ಅದರ ಬಾರಿಗೆ ಅಂಟಿದ
ಕೆಂಪು ಎಳಿ, ಒಮ್ಮೊಮ್ಮೆ ನೀಲಿ.
ಖರೇ ಹೇಳತೇನಿ, ಅವನ ಮಗ್ಗಲಕ ನಿಂತಾಗ
ನಾನೂ ಚಲೋ ಬಾರಿಸಾಂವ ಅನಸತಿತ್ತು.

ಆದ್ರ ಮೂರನೇ ಹಾಡಿಗೆ ಓಡತಿದ್ದ.
ಭಾಳಲ್ಲ, ಕೂದಲೆಳಿಯಷ್ಟು.
ಆಮ್ಯಾಲ ಎರಡೆಳಿ.
ಹಾಡಾಂವಗ ಉಸಿರು ಸಾಲದ ತಿರುಗಿ ನೋಡತಿದ್ದ.
ಟಿಕ್ ಟಿಕ್ ಅನ್ನೂ ಮಷೀನು ತಂದು ಮುಂದಿಟ್ಟೆ.
ಅದರ ಕೂಡ ಸರಿಯಾಗೇ ಬಾರಿಸಿದ,
ಕಾಲು ಮಾತ್ರ ಬಾಡಿಗಿಗೆ ತಂದಂಗಿತ್ತು.

ಬ್ಯಾಡ ಅಂತ ಹೇಳೂ ಕೆಲಸ ನನ್ನ ಪಾಲಿಗೆ ಬಂತು.
ಗೋಗಟೆ ಸರ್ಕಲ್ಲಿನ ಚಹಾದಂಗಡಿ.
ಅವನ ಚಪ್ಪಲಿ ನೋಡಿಕೋತನ ಹೇಳಿದೆ.
‘ಮಗ್ಗಕ್ಕ ಯಾರೂ ನಿಧಾನ ಅನ್ನೂದಿಲ್ಲ ಅಣ್ಣ’ ಅಂದ.
ಚಹಾದ ರೊಕ್ಕ ಅಂವನ ಕೊಟ್ಟ.

ಎರಡು ವರ್ಷ ಮಷೀನಿನ ಮ್ಯಾಲ ನಡದೆವು.
ಪೆಟ್ಟಿಗಿ, ನಾಲ್ಕು ಗುಂಡಿ, ಒಂದು ಹಸರು ದೀಪ.
ಸಂಬಳ ಕೇಳೂದಿಲ್ಲ, ತಡಾ ಮಾಡೂದಿಲ್ಲ.
ಅದಕ್ಕ ಕಾಲಿಲ್ಲ.
ನಾ ಎಲ್ಲಿ ನೋಡಲಿ?

ಈಗ ತಹಸೀನ ಕಿಲ್ಲೇದಾರ.
ಹಗಲು ಲ್ಯಾಬಿನಾಗ ಮಂದಿ ರಕ್ತ ತಪಾಸ ಮಾಡತಾಳ,
ಸಂಜಿಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕ್ಕೊಂಡು ಬರತಾಳ.
ಬಂದ ದಿನಾನ ಡ್ರಮ್ಮಿನ ಹೊಟ್ಟಿ ಬಿಚ್ಚಿ
ಕೌದಿ ಹೊರಗೆಳದು ಝಾಡಿಸಿದ್ಲು.
ಧೂಳು. ಮುರದ ಕೋಲಿನ ತುದಿ. ಒಂದು ಜಿರಳಿ.
‘ಯಾವ ಕಾಲದ್ದಿದು? ಒಗಿಯಾಕ ಕೊಡಲೇನು?’
ಬ್ಯಾಡ ಅಂದೆ.
ಬಿಸಲಿಗೆ ಹಾಕಿ, ಮತ್ತ ಅಲ್ಲೇ ತುರುಕಿದೆವು.

ಹೋದ ವಾರ ವಡಗಾವಿಗೆ ಹೋಗಿದ್ದೆ.
ಆ ಓಣಿ ಗಪ್ಪಗೈತಿ, ಮಗ್ಗ ತೂಕಕ್ಕ ಹೋದುವಂತ.
ಮೂಲಿಯ ಝೆರಾಕ್ಸ್ ಅಂಗಡಿಯೊಳಗ
ಟೇಬಲ್ಲಿನ ಕೆಳಗ ಒಂದು ಕಾಲು ತನ್ನಷ್ಟಕ್ಕ ಕುಟ್ಟತಿತ್ತು.
ಮುಖದ ತನಕ ಹೋಗೂ ಗರಜಿರಲಿಲ್ಲ.
ಕಿಸೆದಾಗಿನ ಲೈಟ್ ಬಿಲ್ಲು ಕೊಟ್ಟೆ, ಒಂದು ಪ್ರತಿ ಅಂದೆ.
ಎರಡು ರೂಪಾಯಿ. ಇಸಕೊಂಡ.
ಏನೂ ಮಾತಾಡಲಿಲ್ಲ ಇಬ್ಬರೂ.
ಕಾಲು, ಕೂದಲೆಳಿಯಷ್ಟು, ಓಡತಿತ್ತು.

ನಿನ್ನಿ ಮೂರನೇ ಹಾಡಿಗೆ ತಹಸೀನ ಓಡಿದ್ಲು.
ಹಾಡಾಂವ ತಿರುಗಿ ನನ್ನ ನೋಡಿದ.
ನಾ ಕೆಳಗ ನೋಡಿದೆ,
ಬಿಳಿ ಬೂಟಿನ ಬೆನ್ನಿಗೆ
ಬೆರಳು ಬಿಟ್ಟೆ.